ಕುಂಕುಮ ಕೊಟ್ಟು ಕರೆದ ಸಭೆ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಪಾಠ ಮಾಡುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಲೇ ಇರುತ್ತೇನೆ. ಮಕ್ಕಳ ಕತ್ತು ನೋಯುತ್ತದೆ ಮೇಡಂ ಎಂದು ಪ್ರಿನ್ಸಿಪಾಲರು ಒಮ್ಮೆ ಮೆತ್ತಗೆ ಹೇಳಿದ್ದರು. ಹೋದ ಬೇಸಿಗೆಯಲ್ಲಂತೂ ಕಾಲು ಸುಟ್ಟ ಬೆಕ್ಕಿನ ಹಾಗಾಗಿದ್ದೆ. ನಮ್ಮ ಕಾಲೇಜಿನ ಆಡಳಿತ ಮಂಡಳಿ ಇತಿಹಾಸ ವಿಭಾಗವನ್ನು ಮುಚ್ಚುವ ಮಾತೆತ್ತಿತ್ತು.

ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಇರುವ ಸಣ್ಣ ಖಾಸಗಿ ಕಾಲೇಜು ಅದು. ಮಕ್ಕಳನ್ನು ಹಾಸನಕ್ಕೆ ಕಳಿಸಲು ಮನಸ್ಸಿಲ್ಲದವರು, ಮನಸ್ಸಿದ್ದೂ ಆಗದವರು ಇಲ್ಲಿಗೆ ಸೇರಿಸುತ್ತಾರೆ. ನಾನಲ್ಲಿ ಅತಿಥಿ ಉಪನ್ಯಾಸಕಿ. ಸೇರಿದಾಗ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ, ಈಗ ಬಣ್ಣ ಹಚ್ಚುತ್ತೇನೆ. ಇಷ್ಟು ಕಾಲ ಉಳಿದ ಅತಿಥಿಯನ್ನು ಬೇರೆ ಯಾರಾದರೂ ಎಂದೋ ಕತ್ತು ಹಿಡಿದು ಆಚೆಗೆ ತಳ್ಳುತ್ತಿದ್ದರು. ಮದುವೆಯಾಗಿಲ್ಲ. ಆಗಬಾರದು ಅಂತಲ್ಲ, ಆಗಲಿಲ್ಲ ಅಷ್ಟೆ. ಅಣ್ಣನ ಮನೆಯಲ್ಲಿ ಇರುತ್ತೇನೆ. ಅಣ್ಣನಿಗೆ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಮನೆ ನಡೆಸುವುದು ಅತ್ತಿಗೆ.

ಮಂಡಳಿಯವರ ಲೆಕ್ಕ ಸರಳವಾಗಿತ್ತು. ಜೂನ್ ಹೊತ್ತಿಗೆ ಇತಿಹಾಸಕ್ಕೆ ಸಾಕಷ್ಟು ಅರ್ಜಿ ಬರದಿದ್ದರೆ ಆ ಕೋಣೆಯನ್ನು ಕಾಮರ್ಸ್‌ನವರಿಗೆ ಬಿಟ್ಟುಕೊಡುವುದು. ನನ್ನ ಕೆಲಸ ಹೋಗುತ್ತದೆ ಎಂಬ ಭಯ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿದ್ದದ್ದು ಒಬ್ಬ ಹುಡುಗಿಯನ್ನು ನೆನೆಸಿಕೊಂಡಾಗ. ಮಾರನಹಳ್ಳಿ ಕಡೆಯವಳು. ನಮ್ಮದೇ ಆವರಣದಲ್ಲಿ ಪಿಯುಸಿ ಓದುತ್ತಿದ್ದಳು. ಬಿಡುವಿದ್ದಾಗಲೆಲ್ಲ ನನ್ನ ಡಿಗ್ರಿ ತರಗತಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಹಾಜರಿಯಿಲ್ಲ, ಪರೀಕ್ಷೆಯಿಲ್ಲ, ಸುಮ್ಮನೆ ಕೇಳಲು. ಇತಿಹಾಸವನ್ನೇ ಓದುತ್ತೇನೆ ಎಂದು ಅವಳು, ಕಾಮರ್ಸ್ ತೆಗೆದುಕೊ ಇಲ್ಲವೇ ಮನೆಯಲ್ಲಿರು ಎಂದು ಅವಳ ತಾಯಿ. ವಿಭಾಗ ಮುಚ್ಚಿದರೆ ಆ ಜಗಳ ತಾನೇ ತೀರ್ಮಾನವಾಗಿಬಿಡುತ್ತಿತ್ತು.

ಆ ಹುಡುಗಿಗೆ ತುಂಬ ಹಿಡಿಸಿದ್ದ ಪಾಠವೇ ನನಗೂ ಹುಚ್ಚು ಹಿಡಿಸಿದ ಪಾಠ. ಎರಡು ಮಹಾಯುದ್ಧಗಳ ನಡುವಿನ ಕಾಲದ್ದು. ಮೊದಲ ಯುದ್ಧ ಮುಗಿದ ಮೇಲೆ, ಇನ್ನು ಯುದ್ಧವೇ ಬೇಡವೆಂದು ದೇಶಗಳೆಲ್ಲ ಸೇರಿ ಯುರೋಪಿನ ಒಂದು ಸರೋವರದ ದಡದಲ್ಲಿ ದೊಡ್ಡ ಸಂಸ್ಥೆ ಕಟ್ಟಿಕೊಂಡವು. ಅದಕ್ಕೆ ಸೈನ್ಯವಿಲ್ಲ. ಸೈನ್ಯವಿಲ್ಲದವರು ಯಾರ ಬಲದ ಮೇಲೆ ನಿಲ್ಲಬೇಕು? ಜನರ ಅಭಿಪ್ರಾಯವೇ ನಮ್ಮ ಬಲ ಎಂದರು ಅವರು. ಪತ್ರಿಕೆಯವರಿಗೆ ಬಾಗಿಲು ತೆರೆದರು. ಕರಪತ್ರ ಅಚ್ಚು ಹಾಕಿಸಿದರು, ರೇಡಿಯೋದಲ್ಲಿ ಮಾತಾಡಿದರು, ಶಾಲೆಯ ಮಕ್ಕಳಿಗೆ ಪಾಠ ಬರೆಸಿದರು. ಹೆಂಗಸರ ಸಂಘಗಳು ಆಯುಧ ಬೇಡ ಎನ್ನುವ ಸಹಿಗಳನ್ನು ಕಟ್ಟುಕಟ್ಟಾಗಿ ಹೊತ್ತು ತಂದು ಅವರ ಸಭೆಯ ಮುಂದಿಟ್ಟವು. ಜನ ಒಪ್ಪಿಬಿಟ್ಟಿದ್ದಾರೆ ಎಂದುಕೊಂಡರು. ಆಮೇಲೆ ಒಂದು ದೇಶ ಇನ್ನೊಂದರ ಮೇಲೆ ಬಿತ್ತು, ಆ ಒಪ್ಪಿಗೆಯೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಇದನ್ನು ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆಗಿ ಹೋದದ್ದಕ್ಕೆ ಸಿಟ್ಟು ಮಾಡಿಕೊಂಡರೆ ಏನು ಬಂತು ಎಂದು ಅತ್ತಿಗೆ ನಗುತ್ತಾಳೆ. ಮೂಗಿನ ತುದಿಯಲ್ಲೇ ಕೋಪ ಇರುವವರಿಗೆ ಹೋದ ವರ್ಷದ್ದೂ ಒಂದೇ, ಹೋದ ಶತಮಾನದ್ದೂ ಒಂದೇ.

ಅಂಥ ನಾನು ಮಾಡಿದ್ದೇನು? ಆ ಸರೋವರದ ದಡದವರು ಮಾಡಿದ್ದನ್ನೇ ಮಾಡಿದೆ. ಪೋಷಕರ ಸಭೆಗೊಂದು ದಿನ ಗೊತ್ತುಮಾಡಿ ಬಣ್ಣದ ಕರಪತ್ರ ಅಚ್ಚು ಹಾಕಿಸಿದೆ. ಸ್ಥಳೀಯ ಪತ್ರಿಕೆಗೆ ಸುದ್ದಿ ಕಳಿಸಿ ಮೂಲೆಯಲ್ಲಿ ಹಾಕಿಸಿದೆ. ರಜೆಗೆ ಮುಂಚೆಯೇ ಸುತ್ತಲಿನ ಪಿಯು ಕಾಲೇಜುಗಳಿಗೆ ಹೋಗಿ, ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ನಿಲ್ಲಿಸಿಕೊಂಡು ಮಾತಾಡಿದೆ. ತೋಟದ ಮಾಲೀಕರ ಕೂಟವೊಂದರಲ್ಲಿ ಇತಿಹಾಸ ಯಾಕೆ ಬೇಕು ಎಂದು ಭಾಷಣ ಮಾಡಿದೆ. ಅವರೆಲ್ಲ ತಲೆಯಾಡಿಸಿದರು. ಅವರ ಮಕ್ಕಳು ಒಬ್ಬರೂ ನಮ್ಮ ಕಾಲೇಜಿಗೆ ಬರುವವರಲ್ಲ ಎನ್ನುವುದು ವಾಪಸು ಬರುವ ದಾರಿಯಲ್ಲಿ ಹೊಳೆಯಿತು.

ಊರೂರಿನ ವಾಟ್ಸಾಪ್ ಗುಂಪುಗಳಿಗೂ ಹಾಕಿದೆ. ನಮ್ಮ ಕಡೆ ಎಲ್ಲರೂ ಕಣ್ಣಿಟ್ಟು ನೋಡುವ ಗುಂಪು ಒಂದೇ, ಆನೆ ಗುಂಪು. ಯಾವ ತೋಟಕ್ಕೆ ಆನೆ ಇಳಿದಿದೆ, ಯಾವ ರಸ್ತೆಯಲ್ಲಿ ಹೋಗಬಾರದು ಎಂದು ಬೆಳಗಾದರೆ ಅದರಲ್ಲಿ ಬರುತ್ತದೆ. ನೋಡುವವರು ಹೆಚ್ಚೆಂದು ನನ್ನ ಕರಪತ್ರವನ್ನು ಅಲ್ಲೇ ಹಾಕಿದೆ. "ಮೇಡಂ, ಇಲ್ಲಿ ಆನೆ ಸುದ್ದಿ ಮಾತ್ರ ಹಾಕ್ಬೇಕು ಕಣ್ರೀ. ನಿಮ್ ಮೆಸೇಜ್ ನೋಡ್ತಾ ಯಾರಾದ್ರೂ ಆನೆ ಎದುರಿಗೇ ಹೋಗ್ಬುಟ್ರೆ ಯಾರು ಜವಾಬ್ದಾರಿ?" ಎಂದು ಒಬ್ಬರು ಬರೆದರು. ಇನ್ನೊಬ್ಬರು ನನ್ನನ್ನು ಗುಂಪಿನಿಂದಲೇ ತೆಗೆದರು. ಉಳಿದ ಗುಂಪುಗಳಲ್ಲಿ ಮರ್ಯಾದೆ ಸಿಕ್ಕಿತು. ಹೆಬ್ಬೆರಳು, ಕೈಮುಗಿದ ಚಿತ್ರ, ಹೂವು, ಖಂಡಿತ ಬರ್ತೀವಿ ಮೇಡಂ. ಆ ಹುಡುಗಿಯ ತಾಯಿಯೂ ಹೆಬ್ಬೆರಳು ಒತ್ತಿದ್ದಳು. ನಾನು ಜಗಲಿಯಲ್ಲಿ ಅಡ್ಡಾಡುತ್ತ ಗಳಿಗೆಗೊಮ್ಮೆ ಫೋನು ತೆಗೆದು ಆ ಹೆಬ್ಬೆರಳುಗಳನ್ನು ನೋಡಿದ್ದೇ ನೋಡಿದ್ದು.

ಪೋಷಕರ ಸಭೆಯ ದಿನ ಬಂದವರು ಪ್ರಿನ್ಸಿಪಾಲರು, ಗಂಟೆ ಹೊಡೆಯುವ ಅಟೆಂಡರು, ಮತ್ತೆ ಮಗನ ಟಿ.ಸಿ. ಕೇಳಲು ಬಂದು ಫ್ಯಾನಿನ ಕೆಳಗೆ ಕೂತ ಒಬ್ಬ ಯಜಮಾನರು. ಅವರಿಗೆ ನಾನು ಇಡೀ ಭಾಷಣ ಮಾಡಿದೆ. ಮುಗಿದ ಮೇಲೆ ಅವರು, "ಚೆನ್ನಾಗೈತೆ ಕಣವ್ವ, ಟಿ.ಸಿ. ಎಲ್ಲಿ ಕೊಡ್ತಾರೆ?" ಎಂದರು.

ಮಾರನೆಯ ದಿನವೇ ಬಸ್ಸು ಹತ್ತಿದೆ. ದೋಣಿಗಲ್ ದಾಟುವವರೆಗೂ ಒಳಗೊಳಗೇ ಬೈಯುತ್ತಿದ್ದೆ. ಎದುರಿಂದ ಲಾರಿಗಳ ಸಾಲು, ಬಸ್ಸು ನಿಂತು ನಿಂತು ಹೋಗುತ್ತಿತ್ತು. ಇಳಿದು ನಡೆದೇ ಬಿಡೋಣ ಅನ್ನಿಸುತ್ತಿತ್ತು. ಮಾರನಹಳ್ಳಿಯಲ್ಲಿ ಇಳಿದು, ಆ ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ಹೆಂಚಿನ ಮನೆ, ಅಂಗಳದಲ್ಲಿ ಮೆಣಸಿನ ಬಳ್ಳಿಯ ಸಸಿಗಳು. ತಾಯಿ ಸಸಿಗೆ ಮಣ್ಣು ತುಂಬುತ್ತಿದ್ದವಳು ಎದ್ದು ಕೈ ತೊಳೆದಳು. ಮಣೆ ಹಾಕಿದಳು, ಕಾಫಿ ತಂದಳು. ನಾನು ಕಾಫಿ ಮುಟ್ಟುವ ಮೊದಲೇ ಕೇಳಿದೆ, ಸಭೆಗೆ ಯಾಕೆ ಬರಲಿಲ್ಲ ಎಂದು.

"ನೀವು ಕರೀನೇ ಇಲ್ವಲ್ಲ ಮೇಡಂ" ಎಂದಳು, ನಿಜವಾಗಿಯೂ ಆಶ್ಚರ್ಯಪಟ್ಟು.

"ಫೋನಿಗೆ ಹಾಕಿದ್ದೆನಲ್ಲ. ನೀವು ಬರ್ತೀವಿ ಅಂತ ಹೆಬ್ಬೆರಳೂ ಒತ್ತಿದ್ರಿ."

"ಅಯ್ಯೋ, ಅದು ನೋಡಿದೀವಿ ಅಂತ ಒತ್ತೋದು. ಫೋನಿಗೆ ಹಾಕೋದು ಕರೆಯೋದಾ? ಮನೇಗ್ ಬಂದು ಕರೀಬೇಕು. ಇಲ್ದಿದ್ರೆ ಕರೀದೆ ಇದ್ರೂ ಬಂದ್ಬುಟ್ರು ಅಂತ ಜನ ಆಡ್ಕೊಳ್ಳಲ್ವಾ?"

ನನಗೆ ತಲೆ ಚಿಟ್ಟು ಹಿಡಿಯಿತು. ಜೊತೆಗೆ ನಾಚಿಕೆಯೂ ಆಯಿತು. ನಾನು ಹುಟ್ಟಿ ಬೆಳೆದದ್ದೂ ಇದೇ ಸೀಮೆಯಲ್ಲಿ. ಫೋನಿನಲ್ಲಿ ಕರೆದ ಗೃಹಪ್ರವೇಶಕ್ಕೆ ಅತ್ತಿಗೆ ಹೋಗದೆ ಕೂತದ್ದನ್ನು ಕಣ್ಣಾರೆ ಕಂಡಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಾಠದ ಇನ್ನೊಂದು ತುಂಡು ನೆನಪಾಯಿತು. ಆ ಕಾಲದಲ್ಲಿ ಒಂದು ದೇಶದಲ್ಲಿ ಮಾತ್ರ, ಸಂಸ್ಥೆಯ ಅಭಿಮಾನಿಗಳು ಮನೆಮನೆಗೆ ಹೋಗಿ ಬಾಗಿಲು ಬಡಿದು ಜನರ ಅಭಿಪ್ರಾಯ ಕೇಳಿದ್ದರು. ಬಾಗಿಲು ತೆರೆದವರು ಲಕ್ಷಗಟ್ಟಲೆ ಮಂದಿ. ಅವರಿಗಾಗಿದ್ದು ನನಗೆ ಯಾಕಾಗಬಾರದು?

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. "ಬಾಗಿಲು ಬಡಿಯೋದೇನು ಬೇಡ ಮಾರಾಯ್ತಿ, ಪೊಲೀಸ್ನೋರ ಥರ. ಕುಂಕುಮ ಕೊಟ್ಟು ಕರೆಯಣ. ನಾನೂ ಬತ್ತೀನಿ. ಆದ್ರೆ ಒಂದ್ ಮಾತು, ಬಾಗಿಲಲ್ಲಿ ನೀನು ಭಾಷಣ ಮಾಡಂಗಿಲ್ಲ. ಕುಂಕುಮ ಕೊಡೋವಾಗ ಯಾರಾದ್ರೂ ಭಾಷಣ ಮಾಡ್ತಾರಾ? ಬನ್ನಿ ಅನ್ನು, ಸುಮ್ನೆ ನಿಂತ್ಕೊ" ಎಂದಳು. ಬಂದವರಿಗೆ ಊಟ ಹಾಕದಿದ್ದರೆ ಕರೆದದ್ದಕ್ಕೆ ಅರ್ಥವಿಲ್ಲವೆಂದು ಪಲಾವು, ಪಾಯಸಕ್ಕೂ ಅವಳೇ ಏರ್ಪಾಡು ಮಾಡಿದಳು. ಕರಪತ್ರಗಳ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಉಳಿದವನ್ನು ಬೀರುವಿನ ಮೇಲೆ ಎಸೆದೆ, ಒಂದನ್ನೂ ಜೊತೆಗೆ ಒಯ್ಯಲಿಲ್ಲ.

ಹಾಗೆ ಹೊರಟೆವು. ಬೆಳ್ಳಿಯ ಕುಂಕುಮದ ಭರಣಿ, ಅರಿಶಿನ, ಎಲೆ ಅಡಿಕೆ ಇಟ್ಟ ತಟ್ಟೆ ಅತ್ತಿಗೆಯ ಕೈಯಲ್ಲಿ. ಆಟೋ ಹೋದ ಕಡೆ ಆಟೋ, ಹೋಗದ ಕಡೆ ನಡಿಗೆ. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಿಗೆಲ್ಲ ಹೋದೆವು. ಆನೆ ಗುಂಪಿನಿಂದ ನನ್ನನ್ನು ತೆಗೆದಿದ್ದರಿಂದ ಯಾವ ದಾರಿ ಹಿಡಿಯಬೇಕೆಂದು ಅಣ್ಣನಿಗೆ ಫೋನು ಮಾಡಿ ಕೇಳಬೇಕಾಗುತ್ತಿತ್ತು. ಪ್ರತಿ ಬಾಗಿಲಲ್ಲೂ ಅತ್ತಿಗೆ ಕುಂಕುಮ ಕೊಡುತ್ತಿದ್ದಳು, "ಬರೋ ಭಾನುವಾರ ನಮ್ಮ ಕಾಲೇಜಿನ ಹಾಲಲ್ಲಿ. ಮನೆಮಂದಿಯೆಲ್ಲ ಬರಬೇಕು, ಮಕ್ಕಳನ್ನೂ ಕರ್ಕೊಂಡು. ಊಟ ಅಲ್ಲೇ" ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಬಾಯಿ ಬಿಗಿಹಿಡಿದು, ಮಾತು ಹೊರಗೆ ಬಂದುಬಿಡುತ್ತದೆಂಬ ಭಯಕ್ಕೆ ನೆಲ ನೋಡುತ್ತ ನಿಲ್ಲುತ್ತಿದ್ದೆ. ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು. ಒಬ್ಬ ಅಜ್ಜಿ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ಮಾರನಹಳ್ಳಿಯ ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು, "ತಪ್ಪಿಸಂಗೇ ಇಲ್ಲ, ಬಂದೇ ಬತ್ತೀವಿ" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. ಇತಿಹಾಸದ ಬಗ್ಗೆ ಇಷ್ಟೊಂದು ಪ್ರೀತಿ ಎಲ್ಲಿ ಅಡಗಿತ್ತು ಎಂದು ನನಗೆ ಸೋಜಿಗ. ನಾನೆಂಥ ಬೆಪ್ಪುತಕ್ಕಡಿ ಎಂದು ಆಗ ಯಾರಾದರೂ ಹೇಳಬಾರದಿತ್ತೇ.

ಭಾನುವಾರ ಬೆಳಿಗ್ಗೆ ಪ್ರಿನ್ಸಿಪಾಲರು ಓಡಿ ಬಂದರು. ಗೇಟಿನಲ್ಲಿ ಜೀಪುಗಳು, ಆಟೋಗಳು, ಒಂದು ಟೆಂಪೋ. ಇಳಿಯುತ್ತಿದ್ದವರೆಲ್ಲ ರೇಷ್ಮೆ ಸೀರೆ, ಮಡಿ ಪಂಚೆ. ಹೆಂಗಸರ ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ. ಕೆಲವರ ಕೈಯಲ್ಲಿ ಸೀರೆಯ ಡಬ್ಬ. ಮಕ್ಕಳ ತಲೆ ತುಂಬ ಮಲ್ಲಿಗೆ. ಹಾಲಿನ ಕುರ್ಚಿಗಳು ತುಂಬಿ ಜನ ಗೋಡೆಗೊರಗಿ ನಿಂತರು. ನಾನು ಬಾಗಿಲಲ್ಲಿ ಹಿಗ್ಗಿ ಹೀರೇಕಾಯಿಯಾಗಿ ನಿಂತಿದ್ದೆ. ಒಬ್ಬ ಹೆಂಗಸು ಹತ್ತಿರ ಬಂದು ಮೆಲ್ಲಗೆ, "ಇದೇನವ್ವ ಇನ್ನೂ ಈ ಕಾಟನ್ ಸೀರೇಲೇ ಇದೀರ? ಧಾರೆ ಎಷ್ಟೊತ್ತಿಗೆ?" ಎಂದಳು.

ಬೇಸಿಗೆ ರಜೆಯಲ್ಲಿ ನಮ್ಮ ಹಾಲನ್ನು ಮದುವೆಗೆ ಬಾಡಿಗೆ ಕೊಡುವ ರೂಢಿಯಿದೆ. ಈ ಸುತ್ತಿನವರೆಲ್ಲ ಅಲ್ಲಿ ಒಂದಲ್ಲ ಒಂದು ಮದುವೆ ಊಟ ಮಾಡಿದವರೇ. ಮೇ ತಿಂಗಳು, ಭಾನುವಾರ, ಅದೇ ಹಾಲು, ಊಟ, ಕುಂಕುಮದ ಭರಣಿ ಹಿಡಿದ ಅತ್ತಿಗೆ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ನಾನು. ಕುಂಕುಮ ಕೊಡಲು ಬಂದವರನ್ನು ಯಾರ ಮದುವೆ, ಏನು ಕಥೆ ಎಂದು ಬಾಗಿಲಲ್ಲಿ ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಅತ್ತಿಗೆಯ ಮುಖ ನೋಡಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ನನಗೆ ಅವಮಾನಕ್ಕಿಂತ ಬೇರೆಯೇ ಒಂದು ಸಂಕಟ. ನನ್ನ ಬೆನ್ನ ಹಿಂದೆ ಈ ಜನ ಏನೇನು ಆಡಿಕೊಳ್ಳುತ್ತಾರೆಂದು ನನಗೆ ಗೊತ್ತು ಎಂದೇ ಇಷ್ಟು ವರ್ಷ ಮುಖ ಗಂಟಿಕ್ಕಿಕೊಂಡು ಓಡಾಡಿದವಳು ನಾನು. ಅವರು ನನ್ನ ಮದುವೆಗೆ ಹೀಗೆ ಸಿಂಗರಿಸಿಕೊಂಡು, ಇಷ್ಟು ಖುಷಿಯಾಗಿ ಬರುತ್ತಾರೆಂದು ಎಂದೂ ಅಂದುಕೊಂಡಿರಲಿಲ್ಲ. ಆ ಖುಷಿಯನ್ನು ನಾನೇ ನನ್ನ ಬಾಯಿಂದ ಕೆಡಿಸಬೇಕಾಗಿತ್ತು. ಓಡಿ ಹೋಗಿಬಿಡೋಣ ಅನ್ನಿಸಿತು. ಹಿಂಬಾಗಿಲಿನ ಚಿಲಕದ ಮೇಲೆ ಕೈಯನ್ನೂ ಇಟ್ಟಿದ್ದೆ.

ಮುಂದಿನ ಸಾಲಿನಲ್ಲಿ ಆ ಹುಡುಗಿ ಕೂತಿದ್ದಳು, ತಾಯಿಯ ಪಕ್ಕ, ಜರಿಲಂಗದಲ್ಲಿ. ಅವಳೊಬ್ಬಳಿಗೆ ವಿಷಯ ಗೊತ್ತಾಗಿತ್ತು ಎಂದು ಕಾಣುತ್ತದೆ. ವೇದಿಕೆಯ ಹಿಂದೆ ನಾವು ಕಟ್ಟಿದ್ದ, ಬೇರೆ ಯಾರೂ ಗಮನಿಸದ ಇತಿಹಾಸ ವಿಭಾಗದ ಬ್ಯಾನರನ್ನು ಓದಿ, ನನ್ನ ಕಡೆ ನೋಡಿದಳು. ಚಿಲಕ ಬಿಟ್ಟು ವೇದಿಕೆ ಹತ್ತಿದೆ.

ಬರೆದುಕೊಂಡಿದ್ದ ಭಾಷಣದ ಒಂದು ಸಾಲೂ ನೆನಪಾಗಲಿಲ್ಲ. "ಇಲ್ಲಿ ಮದುವೆ ಇಲ್ಲ" ಎಂದೆ. "ನನ್ನದೂ ಇಲ್ಲ, ಯಾರದ್ದೂ ಇಲ್ಲ. ನಾನು ನಿಮ್ಮನ್ನ ಕರೆದದ್ದು ನಿಮ್ಮ ಮಕ್ಕಳಿಗೋಸ್ಕರ. ಇಲ್ಲಿ ನಾನು ಇತಿಹಾಸ ಹೇಳ್ಕೊಡ್ತೀನಿ. ಮಕ್ಕಳು ಸೇರದಿದ್ರೆ ಈ ವರ್ಷ ಅದನ್ನ ಮುಚ್ಚುತ್ತಾರೆ. ಮುಚ್ಚಿದ್ರೆ, ಓದಬೇಕು ಅನ್ನೋ ಹುಡುಗೀರು ಹಾಸನಕ್ಕೆ ಹೋಗಬೇಕು. ನೀವು ಕಳಿಸಲ್ಲ. ಸಂಜೆ ಕತ್ತಲಾಗುತ್ತೆ, ದಾರೀಲಿ ಆನೆ ಇರುತ್ತೆ. ನಾನೂ ತಾಯಿಯಾಗಿದ್ರೆ ಕಳಿಸ್ತಿರಲಿಲ್ಲ." ಅಷ್ಟು ಹೇಳಿ ನಿಲ್ಲಿಸಿದೆ. ಹಿಂದಿನಿಂದ ಯಾರೋ "ಮೋಸ ಆಯ್ತಲ್ಲ ಮಾರಾಯ" ಎಂದರು. ಕೆಲವರು ಎದ್ದು ಹೊರಟೇಬಿಟ್ಟರು, ಊಟಕ್ಕೂ ನಿಲ್ಲದೆ. ಸೆರಗು ಕೊಡವಿಕೊಂಡು ಹೋದ ಒಬ್ಬ ಹೆಂಗಸಿನ ಬಿರುಸು ಈಗಲೂ ನನಗೆ ಕಾಣುತ್ತದೆ.

ಆಗ ಮಾರನಹಳ್ಳಿಯ ತಾಯಿ ಎದ್ದು ನಿಂತಳು. ಅವಳೂ ಹೊರಟಳು ಎಂದುಕೊಂಡೆ. "ಮದ್ವೆ ಇಲ್ಲ ಅಂದಿದ್ದಕ್ಕೆ ನಂಗೆ ಬೇಜಾರಾಗೈತೆ ಮೇಡಂ, ಸುಳ್ಳು ಯಾಕ್ ಹೇಳ್ಲಿ" ಎಂದಳು. "ಸಭೆ ಆಗ್ಲೇ ಆಗೋಯ್ತು, ಕುಂಕುಮ ತಂದಿರೋದು ಮದ್ವೇಗೇ ಅಂದ್ಕಂಡು, ಮೊನ್ನೆ ನೀವು ಹೋದಾಗಿಂದ ನಾನು ದೇವ್ರಿಗೆ ಕೈಮುಗಿದಿದ್ದೇ ಮುಗಿದಿದ್ದು. ಆದ್ರೂ ಕುಂಕುಮ ತಗಂಡ್ಬುಟ್ಟಿದೀನಿ. ತಗಂಡ ಮೇಲೆ ಬರಿಗೈಲಿ ಎದ್ದೋಗಕ್ಕಾಗಲ್ಲ." ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. "ಇವಳನ್ನ ಸೇರಿಸ್ಕಳಿ. ಅದೇನೋ ಇತಿಹಾಸ ಅಂತಾಳಲ್ಲ, ಅದುಕ್ಕೇ."

ಪ್ರಿನ್ಸಿಪಾಲರು ಆಫೀಸಿಗೆ ಓಡಿ ಅರ್ಜಿಗಳನ್ನು ತಂದರು. ಎಲ್ಲರೂ ತುಂಬಿದರು ಎಂದು ಹೇಳಲಾರೆ. ಕೆಲವರು ಊಟ ಮಾಡಿ, ರವಿಕೆ ಕಣವನ್ನು ಅತ್ತಿಗೆಯ ಮಡಿಲಿಗೆ ಹಾಕಿ, ನೋಡಣ ಎಂದು ಹೋದರು. ತುಂಬಿದವರಷ್ಟೇ ಸಾಕಾಯಿತು. ಮಂಡಳಿಯ ಅಧ್ಯಕ್ಷರಿಗೆ ಸುದ್ದಿ ಹೋಗಿ, ಈ ವರ್ಷಕ್ಕೆ ವಿಭಾಗ ಇರಲಿ ಎಂದರು. ಕಾಮರ್ಸ್‌ಗೂ ಹೀಗೇ ಒಂದು ಸುತ್ತು ಕುಂಕುಮ ಕೊಟ್ಟು ಬನ್ನಿ ಎಂದೂ ಅಂದರು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಹೊರಡುವಾಗ ಆ ತಾಯಿ ಸೀರೆಯ ಡಬ್ಬ ನನ್ನ ಕೈಗಿಟ್ಟಳು. ಬೇಡವೆಂದೆ. "ತಂದಿದ್ದನ್ನ ವಾಪಸ್ ತಗಂಡೋಗಬಾರ್ದು. ಮಡಗ್ಕಳಿ, ಉಟ್ಕಳಿ" ಎಂದು ಟೆಂಪೋ ಹತ್ತಿದಳು. ತಿಳಿಹಸಿರಿನ ಸೀರೆ, ಕೆಂಪು ಅಂಚು. ಮೊದಲ ತರಗತಿಯ ದಿನ ಅದನ್ನೇ ಉಟ್ಟೆ. ಹುಡುಗಿ ಮೊದಲ ಬೆಂಚಿನಲ್ಲಿದ್ದಳು. ಸೀರೆ ನೋಡಿದಳು, ಪುಸ್ತಕ ತೆರೆದಳು.

ನಮ್ಮಿಬ್ಬರಿಗೂ ಇಷ್ಟದ ಆ ಪಾಠ ಬರುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಕರಪತ್ರ, ರೇಡಿಯೋ, ಸಹಿಯ ಕಟ್ಟುಗಳು, ಮನೆಮನೆಗೆ ಹೋಗಿ ಕೇಳಿದವರು, ಎಲ್ಲ ಹೇಳಿದೆ. ಆ ಕಾಲದಲ್ಲಿ ನಮ್ಮ ಈ ಬೆಟ್ಟಗಳ ಎಸ್ಟೇಟ್ ಬಂಗಲೆಗಳಲ್ಲಿದ್ದ ದೊರೆಗಳಿಗೆ ಆ ಸಂಸ್ಥೆಯ ಸುದ್ದಿ ತಲುಪಿರಬಹುದು, ಲೈನ್ ಮನೆಗಳಲ್ಲಿದ್ದ ಕೂಲಿಯವರನ್ನು ಯಾರೂ ಕೇಳಿರಲಾರರು ಎಂದೂ ಹೇಳಿದೆ. ಹುಡುಗಿ ಎದ್ದು ನಿಂತಳು.

"ಮೇಡಂ, ಆ ದೇಶದಲ್ಲಿ ಮನೆಗೇ ಹೋಗಿ ಕೇಳಿದ್ರಲ್ಲ. ಅಷ್ಟೂ ಜನ ಯುದ್ಧ ಬೇಡ ಅಂದ್ರಲ್ಲ. ಮತ್ತೆ ಯಾಕಾಯ್ತು? ಅವರೂ ನಮ್ಮಮ್ಮನ ಥರ, ಬೇರೆ ಏನೋ ಅಂದ್ಕೊಂಡು ಹೂಂ ಅಂದಿದ್ರಾ?"

ತರಗತಿ ಗೊಳ್ಳೆಂದು ನಕ್ಕಿತು. ನಾನು ಕಿಟಕಿಯ ಹತ್ತಿರ ನಡೆಯುತ್ತಿದ್ದವಳು ನಿಂತುಬಿಟ್ಟೆ. ಪುಸ್ತಕದ ಉತ್ತರ ನನಗೆ ಬಾಯಿಪಾಠ. ದೊಡ್ಡ ದೇಶಗಳ ಸ್ವಾರ್ಥ, ಸೈನ್ಯವಿಲ್ಲದ ಸಂಸ್ಥೆ, ಹೀಗೆ ಬೋರ್ಡು ತುಂಬ ಬರೆಯಬಲ್ಲೆ. ಯುದ್ಧ ಬೇಡ ಎಂದ ಆ ಜನ, ಅದಕ್ಕಾಗಿ ನೀನೇನು ಕೊಡುತ್ತೀ ಎಂದು ಕೇಳಿದಾಗಲೂ ಎದ್ದು ನಿಲ್ಲುತ್ತಿದ್ದರೇ, ಸೆರಗು ಕೊಡವಿಕೊಂಡು ಹೋಗುತ್ತಿದ್ದರೇ, ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಬರುವ ಜೂನ್ ಹೊತ್ತಿಗೆ ಮಂಡಳಿಯವರು ಮತ್ತೆ ಅರ್ಜಿಗಳನ್ನು ಎಣಿಸುತ್ತಾರೆ. ಮತ್ತೆ ಹೊರಡಬೇಕು. ಅತ್ತಿಗೆ ಆಗಲೇ ಭರಣಿ ತೊಳೆದು ಹೊಸ ಕುಂಕುಮ ತುಂಬಿಸಿಟ್ಟಿದ್ದಾಳೆ. ಈ ಸಲ ಬಾಗಿಲಲ್ಲೇ ಹೇಳಿಬಿಡುವುದು, ಇದು ಮದುವೆಯಲ್ಲ, ಮದುವೆಯಲ್ಲದ್ದಕ್ಕೆ ಕರೆಯುತ್ತಿದ್ದೇವೆ ಎಂದು. ಹಾಗೆ ಹೇಳಿದ ಮೇಲೆ ಎಷ್ಟು ಜನ ಬಂದಾರು? ಯೋಚಿಸಿದರೆ ಕೂತಲ್ಲಿ ಕೂರಲಾಗುವುದಿಲ್ಲ, ಎದ್ದು ಜಗಲಿಯಲ್ಲಿ ಅಡ್ಡಾಡುತ್ತೇನೆ. ಮೊನ್ನೆ ತರಗತಿ ಮುಗಿದ ಮೇಲೆ ಆ ಹುಡುಗಿ ಹಿಂದೆಯೇ ಬಂದಳು.

"ನಮ್ಮೂರ ಕಡೆಗೆ ನೀವು ಬರೋದು ಬೇಡ ಮೇಡಂ" ಎಂದಳು. "ನೀವು ಬಂದ್ರೆ ಮತ್ತೆ ಮದುವೆ ಅಂದ್ಕೊಳ್ತಾರೆ. ನಮ್ಮಮ್ಮ, ನಾನು ಹೋಗಿ ಕರೀತೀವಿ."